ಹೃದಯದ ತರಬೇತಿಗೆ ಸಂಗಾತಿಯನ್ನೂ ಕರೆಯಿರಿ

ಮಾನ್ಯ ಸಂಪಾದಕರೇ,

ಅನೇಕ ಕಚೇರಿಗಳು ಈಗ ನೌಕರರಿಗೆ ಹೃದಯ ಆರೋಗ್ಯದ ತರಬೇತಿ ಕೊಡಿಸುತ್ತಿವೆ. ಒಳ್ಳೆಯದೇ. ಆದರೆ ಉಪ್ಪು ಬೀಳುವುದು ಮನೆಯ ಅಡುಗೆಗೆ, ನಿದ್ದೆ ಕೆಡುವುದು ಮನೆಯ ಹಾಸಿಗೆಯಲ್ಲಿ, ಮಾತ್ರೆ ಮರೆತುಹೋಗುವುದು ಹೆಚ್ಚಾಗಿ ರಜೆಯ ದಿನ. ತರಬೇತಿಗೆ ಮಾತ್ರ ನೌಕರರೊಬ್ಬರೇ ಬಂದು ಕೂರುತ್ತಾರೆ. ಗಂಡನೋ ಹೆಂಡತಿಯೋ ಮೊದಲ ಭೇಟಿಯಿಂದಲೇ ಜೊತೆಗಿರಬೇಕು, ಅವರಿಗೂ ಖಚಿತವಾದ ಕೆಲಸ ಇರಬೇಕು ಎಂಬುದು ನಮ್ಮ ಒತ್ತಾಯ.

ಉಪ್ಪನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು. ‘ಉಪ್ಪು ಕಡಿಮೆ ಮಾಡಿ’ ಎಂದರೆ ಯಾರೂ ಅಳೆಯುವುದಿಲ್ಲ. ಅಡುಗೆ ಮಾಡುವವರು ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಡಲಿ. ನಾಲ್ವರು ವಯಸ್ಕರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು ಕನಿಷ್ಠ 50 ದಿನ ಬರಬೇಕು. 30 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಂ ದಾಟಿತೆಂದು ಲೆಕ್ಕ. ಹೊರಗಿನ ತಿಂಡಿಯ ಉಪ್ಪು ಇದರಲ್ಲಿ ಸೇರಿಲ್ಲ. ಒಮ್ಮೆಲೇ ಅರ್ಧಕ್ಕಿಳಿಸಿದರೆ ಊಟ ಸಪ್ಪೆಯಾಗಿ ಎಲ್ಲರೂ ಹಳೆಯ ರುಚಿಗೇ ಮರಳುತ್ತಾರೆ. ವಾರವಾರ ಸ್ವಲ್ಪಸ್ವಲ್ಪವೇ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಬಿಪಿ ನೋಡುವಾಗಲೂ ಇನ್ನೊಬ್ಬರು ಬೇಕು. ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತುವುದು, ದಪ್ಪ ತೋಳಿಗೆ ಚಿಕ್ಕ ಪಟ್ಟಿ, ಕಾಲ ಮೇಲೆ ಕಾಲು, ನಡುವೆ ಮಾತು: ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ನಿಮಿಷದ ಅಂತರದಲ್ಲಿ ಏಳು ದಿನ ನೋಡಬೇಕು. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಬರೆದಿಡುವ ಕೆಲಸ ಸಂಗಾತಿಯದಾಗಲಿ. ತಾವೇ ಬರೆದರೆ ಹೆಚ್ಚು ಬಂದ ಅಂಕಿಯನ್ನು ಬಿಟ್ಟುಬಿಡುವ ಮನಸ್ಸಾಗುತ್ತದೆ.

ಇನ್ನು ಗೊರಕೆ. ನಿದ್ದೆಯಲ್ಲಿ ಉಸಿರು ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುವುದು ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬಿಪಿ ಹತೋಟಿಗೆ ಬಾರದಿರಲು ಇದೂ ಒಂದು ಕಾರಣ. ಪಕ್ಕದಲ್ಲಿ ಮಲಗುವವರನ್ನು ಕೇಳದೆ ತರಬೇತುದಾರರಿಗೆ ಇದು ತಿಳಿಯುವುದಾದರೂ ಹೇಗೆ?

ಧೂಮಪಾನದ ವಿಷಯದಲ್ಲಿ ಪುರಾವೆಯೇ ಇದೆ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ, ಸಂಗಾತಿಯೂ ಜೊತೆಗೇ ಬಿಟ್ಟಾಗ ಸುಮಾರು ಅರ್ಧದಷ್ಟು ಮಹಿಳೆಯರು ಧೂಮಪಾನ ಬಿಟ್ಟರು. ಸಂಗಾತಿ ಸೇದುತ್ತಲೇ ಇದ್ದಾಗ ಬಿಟ್ಟವರು ನೂರಕ್ಕೆ 8 ಮಂದಿ ಮಾತ್ರ.

ಎದೆ ಒತ್ತುವ ಕಲಿಕೆಯೂ ಹಾಗೆಯೇ. ಕಚೇರಿಯಲ್ಲಿ ಅದನ್ನು ನೌಕರರಿಗೆ ಕಲಿಸುತ್ತಾರೆ. ಆದರೆ ಹೃದಯ ಹಠಾತ್ತನೆ ನಿಲ್ಲುವುದು ಬಹುಪಾಲು ಮನೆಯಲ್ಲೇ. ಅಲ್ಲಿ ಕುಸಿದವರೇ ಕಲಿತವರಾಗಿದ್ದರೆ ಒತ್ತುವವರು ಯಾರು? ಪ್ರಜ್ಞೆಯಿಲ್ಲ, ಉಸಿರು ಸರಿಯಿಲ್ಲ ಎಂದಾದರೆ ಆಂಬುಲೆನ್ಸ್‌ಗೆ ಕರೆ ಮಾಡಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಇಬ್ಬರೂ ಗೊಂಬೆಯ ಮೇಲೆ ಅಭ್ಯಾಸ ಮಾಡಲಿ. ಎದೆ ಬಿಗಿತ, ಬೆವರು, ದವಡೆಗೋ ತೋಳಿಗೋ ಹರಡುವ ನೋವು ಕಂಡಾಗ ‘ಗ್ಯಾಸ್ ಇರಬೇಕು’ ಎಂದು ಕಾಯಬಾರದೆಂದೂ, ರೋಗಿ ತಾವೇ ವಾಹನ ಓಡಿಸಬಾರದೆಂದೂ ಇಬ್ಬರಿಗೂ ಗೊತ್ತಿರಲಿ.

ಒಂದು ಎಚ್ಚರಿಕೆ. ಸಂಗಾತಿಯನ್ನು ಕಾವಲುಗಾರರನ್ನಾಗಿ ಮಾಡಿದರೆ ಕೆಲಸ ಕೆಡುತ್ತದೆ. ‘ಇವತ್ತು ನಡೆದೆಯಾ?’ ಎಂಬ ವಿಚಾರಣೆಗಿಂತ ‘ನಡಿ, ಹೋಗಿ ಬರೋಣ’ ಎನ್ನುವುದು ಹೆಚ್ಚು ನಡೆಸುತ್ತದೆ. ಯಾವ ನೆರವು ಬೇಕು, ಯಾವುದು ಬೇಡ ಎಂದು ನೌಕರರೇ ಸಂಗಾತಿಯ ಎದುರು ಹೇಳಲಿ. ಎಲ್ಲ ಹೊರೆಯನ್ನೂ ಹೆಂಡತಿಯ ಮೇಲೆ ಹಾಕುವುದೂ ಸಲ್ಲದು. ನೌಕರಿ ಮಾಡುವವಳು ಹೆಂಡತಿಯಾದರೆ ಗಂಡನೂ ಅಷ್ಟೇ ಶ್ರದ್ಧೆಯಿಂದ ಬರಬೇಕು.

ಕರೆಯುವ ಮೊದಲು ನೌಕರರನ್ನು ಒಬ್ಬರೇ ಇರುವಾಗ ಕೇಳಿ ಒಪ್ಪಿಗೆ ಪಡೆಯಿರಿ, ಏಕೆಂದರೆ ಎಲ್ಲ ಮನೆಗಳೂ ನೆಮ್ಮದಿಯ ಮನೆಗಳಲ್ಲ. ಮದುವೆಯಾಗದವರು ತಮಗೆ ಬೇಕಾದವರನ್ನು ಕರೆತರಲಿ. ಇಬ್ಬರ ಅಂಕಿಅಂಶಗಳೂ ಮೇಲಧಿಕಾರಿಗಳ ಕೈಗೆ ಹೋಗಬಾರದು. ಮೊದಲ ವಾರ, ನಾಲ್ಕನೆಯ ವಾರ, ಮೂರನೆಯ ತಿಂಗಳು, ಹೀಗೆ ಮೂರು ಭೇಟಿಗಳನ್ನಾದರೂ ಇಬ್ಬರಿಗೂ ಬಿಡುವಿರುವ ಸಂಜೆಯಲ್ಲೋ ವಿಡಿಯೊ ಕರೆಯಲ್ಲೋ ಇಟ್ಟುಕೊಳ್ಳಿ.

ಇಂತಿ,
ಕೆಲವು ಹೃದಯ ಆರೋಗ್ಯ ತರಬೇತುದಾರರು