ಕರಡು ಬರೆಯುವ ಮಗಳಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಸೂದೆಗಳ ಕರಡು ಬರೆಯುವ ಕೆಲಸಕ್ಕೆ ಸೇರಿದ್ದೀಯ, ಸಂತೋಷ. ಯಾರನ್ನು ನೋಡಿ ಕಲಿಯಲಿ ಎಂದು ಕೇಳಿದ್ದೀಯ. ಆಸ್ಟ್ರಿಯಾದ ಸಿವಿಲ್ ಸಂಹಿತೆಗೆ, ಅಂದರೆ ಆಸ್ತಿ, ಕರಾರು, ಕುಟುಂಬದ ಕಾನೂನುಗಳ ಸಂಗ್ರಹಕ್ಕೆ, ರೂಪ ಕೊಟ್ಟ ಫ್ರಾಂಝ್ ಫಾನ್ ತ್ಸೈಲರನನ್ನು ನೋಡು. 1751ರಲ್ಲಿ ಗ್ರಾಜ್‌ನಲ್ಲಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಹುಟ್ಟಿದವನು. ಹೆಸರಿನ ನಡುವೆ ಕುಲೀನ ಪದವಿ ಸೂಚಿಸುವ ‘ಫಾನ್’ ಸೇವೆಗೆ ಸಿಕ್ಕಿದ್ದು, ಹುಟ್ಟಿನಿಂದ ಬಂದದ್ದಲ್ಲ. ವಿಯೆನ್ನಾದಲ್ಲಿ ಕಾನೂನು ಪಾಠ ಹೇಳುತ್ತಿದ್ದವನನ್ನು ಕಾನೂನು ರಚನೆಯ ಆಯೋಗಕ್ಕೆ ಕರೆದರು.

ಅಷ್ಟು ಹೊತ್ತಿಗೆ ಅಲ್ಲಿನ ಸಿವಿಲ್ ಸಂಹಿತೆಯ ಕೆಲಸ ಶುರುವಾಗಿ ನಲವತ್ತು ವರ್ಷ ದಾಟಿತ್ತು. 1766ರ ಕರಡಿನಲ್ಲಿ 8,000ಕ್ಕೂ ಹೆಚ್ಚು ಕಲಮುಗಳು. ಕಾನೂನಿನೊಳಗೆ ಪಠ್ಯಪುಸ್ತಕ ಬೆರೆಸಬೇಡಿ, ಚಿಕ್ಕದು ಮಾಡಿ ಎಂದು ರಾಣಿ ಮಾರಿಯಾ ತೆರೇಸಾ 1772ರಲ್ಲಿ ಹೇಳಿದ್ದಳು. ತ್ಸೈಲರನ ಗುರು ಮಾರ್ಟಿನಿ ಸಿದ್ಧಪಡಿಸಿದ ಕರಡನ್ನು ಮೊದಲು ಅಂದು ಆಸ್ಟ್ರಿಯಾದ ಕೈಯಲ್ಲಿದ್ದ ಗಲಿಷಿಯಾ ಪ್ರಾಂತದಲ್ಲಿ ಜಾರಿಗೆ ತಂದು ನೋಡಿದರು. ಪ್ರಾಂತಗಳಿಂದ ಬಂದ ಆಕ್ಷೇಪಣೆಗಳನ್ನು ಎದುರಿಗಿಟ್ಟುಕೊಂಡು 1801ರಿಂದ ತ್ಸೈಲರ್ ಒಂದೊಂದೇ ಕಲಂ ತಿದ್ದಿಸಿದ. 1811ರ ಜೂನ್ 1ರಂದು ಹೊರಬಂದಾಗ ಉಳಿದದ್ದು 1,502. 1812ರ ಜನವರಿ 1ರಿಂದ ಜಾರಿ. ವಿವರಣೆಯನ್ನೆಲ್ಲ ನಾಲ್ಕು ಸಂಪುಟದ ಭಾಷ್ಯಕ್ಕೆ ಸಾಗಿಸಿಬಿಟ್ಟ. ನೀನೂ ಹಾಗೇ ಮಾಡು: ಹಕ್ಕು ಕೊಡದ, ಹೊಣೆ ಹೊರಿಸದ ವಾಕ್ಯ ಕರಡಿನಲ್ಲಿ ಬೇಡ, ಟಿಪ್ಪಣಿ ಕಡತಕ್ಕೆ ಹಾಕು.

285ನೇ ಕಲಂ ನೋಡು. ವ್ಯಕ್ತಿಯಲ್ಲದ್ದು, ಮನುಷ್ಯರ ಉಪಯೋಗಕ್ಕೆ ಬರುವುದು ಎಲ್ಲವೂ ವಸ್ತು, ಅಷ್ಟೇ. ಹೊಲ, ದನ, ಗಾಡಿ ಎಂದು ಪಟ್ಟಿ ಕೊಟ್ಟಿಲ್ಲ. 1988ರಲ್ಲಿ ಪ್ರಾಣಿಗಳು ವಸ್ತುವಲ್ಲ ಎಂದು ಸೇರಿಸಬೇಕಾದಾಗ ಹಳೆಯ ವಾಕ್ಯ ಮುಟ್ಟದೆ 285ಎ ಎಂದು ಪಕ್ಕಕ್ಕೆ ಹಚ್ಚಿದರು. ಪಟ್ಟಿ ಮಾಡಿದವರಿಗೆ ಈ ಅನುಕೂಲ ಇರುವುದಿಲ್ಲ. ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನೇ ಹಿಡಿದು ವಕೀಲರು ವಾದ ಹೂಡುತ್ತಾರೆ. 1794ರ ಪ್ರಷ್ಯಾದ ಸಂಹಿತೆ ಎಲ್ಲ ಸಂದರ್ಭವನ್ನೂ ಮೊದಲೇ ಊಹಿಸಲು ಹೊರಟು 19,000 ಕಲಂ ದಾಟಿತು. ತ್ಸೈಲರನ 7ನೇ ಕಲಂ ಆ ಭಾರವನ್ನು ನ್ಯಾಯಾಧೀಶನಿಗೆ ಬಿಟ್ಟಿದೆ: ಉತ್ತರ ಸಿಗದಿದ್ದರೆ ಹೋಲುವ ನಿಯಮ ನೋಡು, ಅದೂ ಸಾಲದಿದ್ದರೆ ಸಹಜ ನ್ಯಾಯದ ತತ್ವಗಳಿಗೆ ಹೋಗು.

ಅವನದೆಲ್ಲ ಸರಿ ಎಂದುಕೊಳ್ಳಬೇಡ. 16ನೇ ಕಲಂ ಪ್ರತಿ ಮನುಷ್ಯನಿಗೂ ಹುಟ್ಟಿನಿಂದಲೇ ಹಕ್ಕುಗಳಿವೆ ಎನ್ನುತ್ತದೆ. ಗುಲಾಮಗಿರಿ ಕೂಡದು ಎನ್ನುತ್ತದೆ. 1146ಕ್ಕೆ ಬಂದರೆ, ಜಮೀನ್ದಾರ ಮತ್ತು ಅವನ ಒಕ್ಕಲಿನ ಸಂಬಂಧವನ್ನು ಆಯಾ ಪ್ರಾಂತದ ಕಟ್ಟಳೆಯೇ ನೋಡಿಕೊಳ್ಳಲಿ ಎಂದು ಕೈ ತೊಳೆದುಕೊಂಡಿತ್ತು. ಒಕ್ಕಲುಗಳ ಬಿಟ್ಟಿ ದುಡಿಮೆ ತೊಲಗಿದ್ದು 1848ರಲ್ಲಿ. ನಿನ್ನ ಕರಡಿನಲ್ಲಿ ‘ಬೇರೆ ಕಾನೂನಿನ ಉಪಬಂಧಗಳಿಗೆ ಒಳಪಟ್ಟು’ ಎಂಬ ಮಾತು ಎಷ್ಟು ಕಡೆ ಬಂದಿದೆ, ಪ್ರತಿ ಸಲವೂ ಯಾರ ಹಕ್ಕು ಅದರಡಿ ಜಾರಿಹೋಗುತ್ತದೆ, ಗುರುತು ಹಾಕಿ ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ