ಗೋಣಿಯ ತೂಕದಲ್ಲಿ ಬೀಜಗಣಿತ

ಮಾನ್ಯ ಸಂಪಾದಕರೇ,

ಎಂಟನೇ ತರಗತಿಯ ಮಗಳು ಬೀಜಗಣಿತ ಎಂದರೆ ಪುಸ್ತಕ ಮುಚ್ಚಿಡುತ್ತಾಳೆ ಎಂದು ಪೋಷಕರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ 27 ವರ್ಷ ಗಣಿತ ಕಲಿಸಿ ಕಳೆದ ವರ್ಷ ನಿವೃತ್ತನಾದ ನನಗೆ ಆ ಮಗುವಿನ ತಪ್ಪೇನೂ ಕಾಣುವುದಿಲ್ಲ. ಅಪ್ಪನ ವಯಸ್ಸು ಮಗನ ಮೂರು ಪಟ್ಟು, ಹತ್ತು ವರ್ಷ ಕಳೆದರೆ ಎರಡು ಪಟ್ಟು, ಹಾಗಾದರೆ ಅಪ್ಪನಿಗೆಷ್ಟು ಎಂದು ಕೇಳುತ್ತೇವೆ. ಅಪ್ಪನನ್ನೇ ಕೇಳಿದರಾಯಿತಲ್ಲ!

ನಾಲ್ಕು ವರ್ಷದ ಹಿಂದೆ ಮಕ್ಕಳಿಗೆ ಮನೆಯಿಂದ ಯಾವುದಾದರೂ ಒಂದು ಚೀಟಿ ತರಲು ಹೇಳಿದ್ದೆ. ಕರೆಂಟ್ ಬಿಲ್ಲು, ರೇಷನ್ ಅಂಗಡಿಯ ರಶೀದಿ, ಹಾಲಿನ ಸೊಸೈಟಿಯ ಪುಸ್ತಕ ಎಲ್ಲ ಬಂದವು. ಒಬ್ಬಳು ತಂದದ್ದು ಅಡಿಕೆ ಮಾರಿದ ಚೀಟಿ. ಅಪ್ಪನ ಜೇಬಿನಲ್ಲಿ ಬೆವರು ಕುಡಿದು, ಮಡಿಕೆ ಬಿದ್ದಲ್ಲಿ ಒಂದು ಅಂಕೆ ಅಳಿಸಿಹೋಗಿತ್ತು. ಒಟ್ಟು ತೂಕ 52 ಕಿಲೋ, ದರ 400, ಕೈಗೆ ಬಂದದ್ದು 20,400. ಗೋಣಿಗೆಂದು ಎಷ್ಟು ಮುರಿದುಕೊಂಡಿದ್ದಾರೆ? ಅಳಿಸಿದ ಅಂಕೆಯ ಜಾಗದಲ್ಲಿ ಬೋರ್ಡಿನ ಮೇಲೆ ಖಾಲಿ ಚೌಕ ಬರೆದೆ. 52ರಿಂದ ಚೌಕ ಕಳೆದು 400ರಿಂದ ಗುಣಿಸಿದರೆ 20,400.

ಆವರಣ ಬಿಡಿಸುವ ನಿಯಮ ನಾನಿನ್ನೂ ಹೇಳಿಯೇ ಇರಲಿಲ್ಲ. "ಮಾಷ್ಟ್ರೇ, ಭಾಗಿಸಿದರೆ 51 ಬರ್ತದೆ. ಗೋಣಿ ಒಂದು ಕಿಲೋ" ಎಂದ ಹಿಂದಿನ ಬೆಂಚಿನವ. ಮರುದಿನ ಹುಡುಗಿ ಮನೆಯ ಖಾಲಿ ಗೋಣಿ ತೂಗಿಸಿಕೊಂಡು ಬಂದಿದ್ದಳು: 700 ಗ್ರಾಂ. ಹೋದ 300 ಗ್ರಾಮಿಗೆ 120 ರೂಪಾಯಿ! ಮಳೆಗಾಲದಲ್ಲಿ ಗೋಣಿ ಒದ್ದೆಯಾದರೆ ತೂಕ ಜಾಸ್ತಿ ಅಲ್ಲವೇ ಎಂದು ಇನ್ನೊಬ್ಬ ಅಂಗಡಿಯವರ ಪರ ವಾದಕ್ಕೆ ನಿಂತ. ಒಂದೇ ಚೌಕದೊಳಗೆ ಒಂದು ದಿನ ಒಂದು ಸಂಖ್ಯೆ, ಮತ್ತೊಂದು ದಿನ ಮತ್ತೊಂದು. ಚರಾಕ್ಷರವೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಿಕೊಡಲಾರೆ. ಚೌಕ ಒರೆಸಿ ಎಕ್ಸ್ ಬರೆದದ್ದು ಆಮೇಲೆ. ಯಾರೂ ಬೆಚ್ಚಲಿಲ್ಲ. (ಅವಳ ಅಪ್ಪ ಅಂಗಡಿಯಲ್ಲಿ ಏನು ಮಾತಾಡಿದರೋ, ನಾನು ಕೇಳಲು ಹೋಗಲಿಲ್ಲ.)

ಎಕ್ಸ್ ಎಂಬ ಅಕ್ಷರವೇ ಆಗಬೇಕೆಂದೇನೂ ಇಲ್ಲ. ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ 1637ರಲ್ಲಿ ಎಕ್ಸ್, ವೈ, ಝಡ್‌ಗಳನ್ನು ಬಳಸಿದ ಮೇಲೆ ಅವು ರೂಢಿಗೆ ಬಂದವು. 1150ರಲ್ಲೇ ಭಾಸ್ಕರಾಚಾರ್ಯರು ಗೊತ್ತಿಲ್ಲದ್ದನ್ನು 'ಯಾವತ್ತಾವತ್' ಎಂದರು, ಎಷ್ಟೋ ಅಷ್ಟು ಎಂದರ್ಥ. ಒಂದಕ್ಕಿಂತ ಹೆಚ್ಚಿದ್ದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಬರೆಯುವಾಗ ಯಾ, ಕಾ, ನೀ ಎಂದು ಮೊದಲ ಅಕ್ಷರವಷ್ಟೇ. ಎರಡು 'ನೀ'ಗೆ ಮೂರು ಕೂಡಿಸಿದರೆ ಹನ್ನೊಂದು, 'ನೀ' ಎಷ್ಟು ಎಂದು ಕೇಳಿ ನೋಡಿ. "ನೀ ನಾಲ್ಕು, ನೀ ನಾಲ್ಕು" ಎಂದು ಒಬ್ಬರಿಗೊಬ್ಬರು ಬೆರಳು ತೋರಿಸಿ ಇಡೀ ತರಗತಿ ನಗುತ್ತದೆ. ಮದರಸಾದಲ್ಲಿ ಅರಬಿ ಓದುವ ಮಕ್ಕಳಿಗೆ ಬೇರೆಯೇ ಹೆಮ್ಮೆ. ಅರಬಿಯಲ್ಲಿ ಬೀಜಗಣಿತ ಬರೆದ ಹಳೆಯ ಗಣಿತಜ್ಞ ಅಲ್ ಖ್ವಾರಿಜ್ಮಿ ಗೊತ್ತಿಲ್ಲದ್ದನ್ನು 'ಶೈ', ಅಂದರೆ ವಸ್ತು, ಎಂದು ಕರೆದರೆಂದಾಗ ಅರ್ಥ ಹೇಳಲು ಅವರ ಕೈಗಳೇ ಮೊದಲು ಮೇಲೇಳುತ್ತಿದ್ದವು.

ನಮ್ಮ ಗಡಿನಾಡಿನ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮಲಯಾಳದಿಂದ ಕನ್ನಡಕ್ಕೆ ತಂದ ಲೆಕ್ಕದ ವಾಕ್ಯ ಬಿಡಿಸುವುದರಲ್ಲೇ ಅರ್ಧ ಪೀರಿಯಡ್ ಕಳೆಯುತ್ತದೆ. ಲೆಕ್ಕ ಬಿಡಿಸುವುದು ಆಮೇಲಿನ ಮಾತು. ಮಾಯಿಪ್ಪಾಡಿಯ ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮನಸ್ಸು ಮಾಡಿ, ಇಲ್ಲಿಯ ಅಡಿಕೆ, ಹಾಲು, ಆಟೋ ಬಾಡಿಗೆಗಳ ಲೆಕ್ಕವನ್ನು ಕನ್ನಡದಲ್ಲೇ ಹೊಸದಾಗಿ ಬರೆಸಿ ಶಾಲೆಗಳಿಗೆ ಕೊಡಲಿ. ಹಳೆ ಚೀಟಿಗಳ ಒಂದು ಕಟ್ಟು ನನ್ನ ಅಟ್ಟದಲ್ಲಿದೆ. ಗೆದ್ದಲು ಹಿಡಿಯುವ ಮೊದಲು ಯಾವ ಅಧ್ಯಾಪಕರು ಬಂದರೂ ಕೊಡುತ್ತೇನೆ.

ಇತಿ,
ನಿವೃತ್ತ ಗಣಿತ ಅಧ್ಯಾಪಕ
ಪೆರ್ಲ, ಕಾಸರಗೋಡು ಜಿಲ್ಲೆ