ಹಲ್ಲಿನಷ್ಟೇ ಮಣ್ಣಿನ ಪದರವೂ ಮುಖ್ಯ

ಮಾನ್ಯರೇ,

ಪಳೆಯುಳಿಕೆ ಎಂದೊಡನೆ ಪತ್ರಿಕೆಗಳಲ್ಲಿ ಡೈನೋಸಾರ್‌ಗಳದ್ದೇ ಸುದ್ದಿ. ಅವು ಅಳಿದ ಬಹುಕಾಲದ ನಂತರ, ಸುಮಾರು 2.3 ಕೋಟಿ ವರ್ಷಗಳಿಂದ 53 ಲಕ್ಷ ವರ್ಷಗಳ ಹಿಂದಿನವರೆಗೆ ನಡೆದ ಮಯೋಸೀನ್ ಯುಗದ ಕಥೆ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಸಾಲಿನಲ್ಲಿ ಪದರಪದರವಾಗಿ ಉಳಿದಿದ್ದರೂ ಅದರತ್ತ ಗಮನ ಕಡಿಮೆ.

ಅಲ್ಲಿನ ಮರಳುಗಲ್ಲು ಹಿಮಾಲಯದಿಂದ ಇಳಿದ ಹಳೆಯ ನದಿಗಳ ಪಾತ್ರವನ್ನೂ ಕೆಂಪು ಮಣ್ಣಿನ ಪದರಗಳು ನೆರೆ ಹರಡಿದ ಬಯಲನ್ನೂ ತೋರಿಸುತ್ತವೆ. ಆ ಮಣ್ಣಿನಲ್ಲಿ, ನಮ್ಮ ಎರೆಹೊಲಗಳಲ್ಲಿ ನೇಗಿಲಿಗೆ ಸಿಗುವಂಥವೇ ಸುಣ್ಣದ ಹರಳುಗಳಿವೆ. ಅವುಗಳಲ್ಲಿರುವ ಇಂಗಾಲದ ಐಸೊಟೋಪುಗಳನ್ನು (ತೂಕದಲ್ಲಿ ಬೇರೆಯಾದ ಇಂಗಾಲದ ಪರಮಾಣುಗಳನ್ನು) ಅಳೆದ ವಿಜ್ಞಾನಿಗಳು, ಈಗ ಪಾಕಿಸ್ತಾನದಲ್ಲಿರುವ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಸುಮಾರು 80ರಿಂದ 70 ಲಕ್ಷ ವರ್ಷಗಳ ಹಿಂದೆ ಮರಗಿಡಗಳ ಜಾಗವನ್ನು ಬಿಸಿಲುನಾಡಿನ ಹುಲ್ಲು ಆಕ್ರಮಿಸಿತೆಂದು ಕಂಡುಕೊಂಡರು. ಜೋಳ, ಕಬ್ಬುಗಳು ದ್ಯುತಿಸಂಶ್ಲೇಷಣೆ ನಡೆಸುವ ಬಗೆಯೇ ಈ ಹುಲ್ಲಿನದೂ! ಆ ಬಗೆಯಿಂದಾಗಿ ಇಂಗಾಲದ ಐಸೊಟೋಪುಗಳ ಪ್ರಮಾಣ ಮರಗಿಡಗಳದಕ್ಕಿಂತ ಬೇರೆಯಾಗುತ್ತದೆ. ಈ ಸಸ್ಯಗಳನ್ನು ತಿಂದ ಪ್ರಾಣಿಗಳ ಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಲೇಪ) ಕೂಡ ಇದೇ ಸಾಕ್ಷ್ಯ ನುಡಿಯುತ್ತದೆ. ಒರಾಂಗುಟಾನ್‌ನ ಮುಖವನ್ನು ಹೋಲುತ್ತಿದ್ದ ಶಿವಪಿಥೆಕಸ್ ವಾನರವು ಈ ಬದಲಾವಣೆಯ ಹೊತ್ತಿಗೆ ಅಲ್ಲಿಂದ ಮರೆಯಾಗಿತ್ತು.

ಈ ಲೆಕ್ಕವೆಲ್ಲ ನಿಂತಿರುವುದು ಯಾವ ಹಲ್ಲು ಯಾವ ಪದರದಲ್ಲಿತ್ತು ಎಂಬುದರ ಮೇಲೆ. ನೆನಪಿಗೆಂದು ಕಿತ್ತು ತಂದು ಷೋಕೇಸಿನಲ್ಲಿಟ್ಟ ಪಳೆಯುಳಿಕೆ ಎಷ್ಟೇ ಅಂದವಾಗಿರಲಿ, ತನ್ನ ಕಾಲವನ್ನು ಹೇಳಲಾರದು. ಪಳೆಯುಳಿಕೆಗಳ ಕುರಿತ ನಿಮ್ಮ ವರದಿಗಳಲ್ಲಿ ವಸ್ತುವಿನ ಚಿತ್ರದ ಜೊತೆಗೆ ಅದು ದೊರೆತ ಪದರದ ಚಿತ್ರವನ್ನೂ ವಿವರವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ